ಮನೆಗೊಂದೇ ಕಾರು

ಕಾರನ್ನು ಕೊಳ್ಳಲು ಏನು ಬೇಕು? ಹಣವಿದ್ದರೆ ಸಾಕು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಣವುಳ್ಳವರು ನಾಲ್ಕು ಕಾರುಗಳನ್ನು ಕೊಂಡರೂ ಏಕೆಂದು ಕೇಳುವವರಿಲ್ಲ. ಆದರೆ ಎಷ್ಟೇ ಸಿರಿವಂತರಾದರೂ ಮನೆಯೊಂದಕ್ಕೆ ಒಂದೇ ಕಾರನ್ನು ಇಟ್ಟುಕೊಳ್ಳಬೇಕೆಂಬ ಕಟ್ಟಳೆಯಿರುವ ನಾಡೊಂದು ಈ ಭೂಮಿಯ ಮೇಲಿದೆ. ಅದರ ಹೆಸರು ಬರ್ಮುಡ.

ಅಮೆರಿಕದ ಪೂರ್ವ ಕರಾವಳಿಯಿಂದ ಸುಮಾರು ಒಂದು ಸಾವಿರ ಕಿಲೋಮೀಟರು ದೂರದಲ್ಲಿ, ಅಟ್ಲಾಂಟಿಕ್ ಮಹಾಸಾಗರದ ನಡುವೆ ಈ ದ್ವೀಪಸಮೂಹವಿದೆ. ಇದು ಬ್ರಿಟನ್ನಿಗೆ ಸೇರಿದ ಪ್ರದೇಶ; ಆದರೆ ಒಳಾಡಳಿತವನ್ನು ಇಲ್ಲಿಯ ಜನರು ಆರಿಸಿದ ಶಾಸನಸಭೆಯೇ ನೋಡಿಕೊಳ್ಳುತ್ತದೆ. ದ್ವೀಪಗಳ ಸಂಖ್ಯೆ ನೂರಕ್ಕೂ ಹೆಚ್ಚಾದರೂ ಅವುಗಳಲ್ಲಿ ಬಹುಪಾಲು ಬಂಡೆಗಳಷ್ಟೇ ಚಿಕ್ಕವು. ಮುಖ್ಯವಾದ ಕೆಲವು ದ್ವೀಪಗಳನ್ನು ಸೇತುವೆಗಳು ಒಂದುಗೂಡಿಸಿವೆ. ಆಕಾಶದಿಂದ ನೋಡಿದರೆ ಇಡೀ ನಾಡು ಮೀನು ಹಿಡಿಯುವ ಗಾಳದಂತೆ ಬಾಗಿ ಕಾಣುತ್ತದೆ. ಅದರ ಒಟ್ಟು ವಿಸ್ತೀರ್ಣ ಸುಮಾರು 53 ಚದರ ಕಿಲೋಮೀಟರು ಮಾತ್ರ. ಇಷ್ಟು ಕಿರಿದಾದ ನೆಲದ ಮೇಲೆ ಅರವತ್ತು ಸಾವಿರಕ್ಕೂ ಹೆಚ್ಚು ಜನರು ಬಾಳುತ್ತಿದ್ದಾರೆ. ಮನೆ, ಶಾಲೆ, ಆಸ್ಪತ್ರೆ, ವಿಮಾನನಿಲ್ದಾಣ ಎಲ್ಲವೂ ಇಷ್ಟರಲ್ಲಿಯೇ ಅಡಕವಾಗಬೇಕು. ರಸ್ತೆಗಳಿಗೆ ಉಳಿಯುವ ಸ್ಥಳವೆಷ್ಟೆಂಬುದನ್ನು ನೀವೇ ಊಹಿಸಬಹುದು.

ಇಲ್ಲಿಯ ರಸ್ತೆಗಳು ಕಿರಿದಾದವು, ಅಂಕುಡೊಂಕಾದವು. ಸುಣ್ಣಕಲ್ಲಿನ ದಿಣ್ಣೆಗಳನ್ನು ಸೀಳಿಕೊಂಡು ಸಾಗುವ ಕೆಲವು ರಸ್ತೆಗಳ ಇಕ್ಕೆಲಗಳಲ್ಲಿಯೂ ಕಲ್ಲಿನ ಗೋಡೆಗಳೇ ನಿಂತಿವೆ. ಈ ಹಾದಿಗಳಲ್ಲಿ ಬಹುಕಾಲ ಓಡಾಡಿದವು ಕುದುರೆಗಾಡಿಗಳು ಮತ್ತು ಬೈಸಿಕಲ್ಲುಗಳು. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವವರು ದೋಣಿಗಳನ್ನೂ ನೆಚ್ಚಿಕೊಂಡಿದ್ದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರುಕಾರು ಈ ದ್ವೀಪಕ್ಕೂ ಕಾಲಿಟ್ಟಿತು. ಅದರ ಸದ್ದಿಗೆ ಕುದುರೆಗಳು ಬೆದರಿದವು. ದಾರಿಯಲ್ಲಿ ನಡೆಯುವವರೂ ಬೆದರಿದರು. ಪ್ರಶಾಂತತೆಯನ್ನು ಅರಸಿ ಬರುತ್ತಿದ್ದ ಪ್ರವಾಸಿಗರಿಗೂ ಇದು ಹಿಡಿಸಲಿಲ್ಲ. 1908ರಲ್ಲಿ ಕಾರುಗಳಿಗೆ ಎಡೆಗೊಡಬಾರದೆಂದು ಕೋರಿ ಅವರು ಶಾಸನಸಭೆಗೆ ಒಂದು ಮನವಿಯನ್ನು ಸಲ್ಲಿಸಿದರು. ಅದನ್ನು ಬರೆದವರು ಮುಂದೆ ಅಮೆರಿಕದ ಅಧ್ಯಕ್ಷರಾದ ವುಡ್ರೋ ವಿಲ್ಸನ್. ಸಹಿ ಹಾಕಿದವರಲ್ಲಿ ಪ್ರಸಿದ್ಧ ಸಾಹಿತಿ ಮಾರ್ಕ್ ಟ್ವೇನ್ ಕೂಡ ಒಬ್ಬರು. ಅದೇ ವರ್ಷ ಶಾಸನಸಭೆಯು ಮೋಟಾರುಕಾರುಗಳನ್ನು ನಿಷೇಧಿಸಿತು. ಜಗತ್ತಿನ ಉಳಿದೆಡೆಗಳಲ್ಲಿ ಕಾರುಗಳು ಸಾವಿರ ಸಾವಿರವಾಗಿ ಬೀದಿಗಿಳಿಯುತ್ತಿದ್ದ ಕಾಲದಲ್ಲಿ ಬರ್ಮುಡ ಕುದುರೆಯ ಗೊರಸಿನ ಸದ್ದನ್ನೇ ಕೇಳುತ್ತ ಉಳಿಯಿತು.

ಆದರೆ ಜನಜೀವನದ ಅಗತ್ಯಗಳು ಬೆಳೆಯುತ್ತಲೇ ಇದ್ದವು. ಕುದುರೆಗಾಡಿಗಳಿಂದಲೇ ಎಲ್ಲವನ್ನೂ ನಿಭಾಯಿಸುವುದು ಕಷ್ಟವಾದಾಗ ಜನರು ರೈಲಿನತ್ತ ನೋಡಿದರು. ನಾಡಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸುಮಾರು 35 ಕಿಲೋಮೀಟರು ಉದ್ದದ ರೈಲುಮಾರ್ಗವು 1931ರಲ್ಲಿ ಸಂಚಾರಕ್ಕೆ ತೆರೆಯಿತು. ಕಡಲಂಚಿನಲ್ಲಿ ಸೇತುವೆಗಳ ಮೇಲೆ ಸೇತುವೆಗಳನ್ನು ಕಟ್ಟಬೇಕಾದ್ದರಿಂದ ಅದಕ್ಕೆ ತಗುಲಿದ ವೆಚ್ಚ ಅಪಾರ. ಉಪ್ಪುಗಾಳಿಗೆ ಕಬ್ಬಿಣವು ತುಕ್ಕುಹಿಡಿಯಿತು. ದುರಸ್ತಿಯ ಹೊರೆ ಹೆಚ್ಚಿತು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. 1941ರಲ್ಲಿ ಅಮೆರಿಕವು ಇಲ್ಲಿ ತನ್ನ ಸೈನಿಕ ನೆಲೆಗಳನ್ನು ಕಟ್ಟತೊಡಗಿತು. ಸೈನ್ಯದೊಡನೆ ಮೋಟಾರುವಾಹನಗಳೂ ಬಂದವು. ಕಣ್ಣೆದುರಿಗೇ ಅವು ಓಡಾಡುತ್ತಿರುವಾಗ ನಮಗೇಕೆ ಬೇಡವೆಂದು ಜನರು ಕೇಳುವುದು ಸಹಜವೇ ಆಗಿತ್ತು. ಕೊನೆಗೆ 1946ರಲ್ಲಿ ಹೊಸ ಕಾನೂನು ಕಾರುಗಳಿಗೆ ಬಾಗಿಲು ತೆರೆಯಿತು. ಎರಡು ವರ್ಷಗಳಲ್ಲಿ, ಎಂದರೆ 1948ರಲ್ಲಿ, ರೈಲು ನಿಂತುಹೋಯಿತು. ಅದು ಓಡುತ್ತಿದ್ದ ದಾರಿಯ ಬಹುಭಾಗದಲ್ಲಿ ಇಂದು ಜನರು ಕಾಲ್ನಡಿಗೆಯಲ್ಲಿಯೂ ಬೈಸಿಕಲ್ಲಿನಲ್ಲಿಯೂ ವಿಹರಿಸುತ್ತಾರೆ.

ಬಾಗಿಲನ್ನು ತೆರೆದರೂ ಕಾವಲನ್ನು ಕೈಬಿಡಲಿಲ್ಲವೆಂಬುದೇ ಇಲ್ಲಿ ಗಮನಿಸತಕ್ಕ ವಿಷಯ. ಮನೆಗೊಂದೇ ಖಾಸಗಿ ಕಾರು ಎಂಬುದು ಮುಖ್ಯ ನಿಯಮ. ಕಾರಿನ ಉದ್ದ ಮತ್ತು ಅಗಲ ಕಾನೂನಿನ ಮಿತಿಯನ್ನು ಮೀರಕೂಡದು. ಉದ್ದಕ್ಕೆ ಅನುಗುಣವಾಗಿ ಕಾರುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ. ಕಾರು ಉದ್ದವಾದಷ್ಟೂ ವರ್ಷವರ್ಷ ತೆರಬೇಕಾದ ಪರವಾನಗಿ ಶುಲ್ಕವೂ ಏರುತ್ತದೆ. ಪ್ರತಿಯೊಂದು ಕಾರೂ ಹಡಗಿನಲ್ಲಿಯೇ ಬರಬೇಕು, ಅದಕ್ಕೆ ಭಾರಿ ಆಮದು ಸುಂಕವನ್ನೂ ಕಟ್ಟಬೇಕು. ನಮ್ಮಲ್ಲಿಯಂತೆ ಅಲ್ಲಿಯೂ ವಾಹನಗಳು ಎಡಬದಿಯಲ್ಲಿಯೇ ಸಾಗುತ್ತವೆ. ವೇಗದ ಮಿತಿ ಗಂಟೆಗೆ 35 ಕಿಲೋಮೀಟರು. ಹೊರಗಿನಿಂದ ಬಂದ ಪ್ರವಾಸಿಗರಿಗೆ ಸಾಮಾನ್ಯ ಕಾರುಗಳು ಬಾಡಿಗೆಗೆ ದೊರೆಯುವುದಿಲ್ಲ. ವಿದ್ಯುತ್ತಿನಿಂದ ಓಡುವ ಪುಟ್ಟ ವಾಹನಗಳನ್ನು ಮಾತ್ರ 2017ರಿಂದ ಬಾಡಿಗೆಗೆ ಕೊಡುತ್ತಿದ್ದಾರೆ.

ಕಾರಿಗೆ ಕಡಿವಾಣ ಹಾಕಿದ ಮೇಲೆ ಜನರು ಸಂಚರಿಸುವುದು ಹೇಗೆ? ಗುಲಾಬಿ ಬಣ್ಣದ ಸರ್ಕಾರಿ ಬಸ್ಸುಗಳು ದ್ವೀಪದ ಉದ್ದಗಲಕ್ಕೂ ಓಡುತ್ತವೆ. ಗಾಳದ ಕೊಂಕಿನಂತೆ ಬಾಗಿದ ನೆಲದ ನಡುವೆ ಅಗಲವಾದ ಕೊಲ್ಲಿಯಿದೆ. ರಾಜಧಾನಿಯಾದ ಹ್ಯಾಮಿಲ್ಟನ್ನಿನಿಂದ ಪಶ್ಚಿಮದ ತುದಿಯಲ್ಲಿರುವ ಹಳೆಯ ಹಡಗುಕಟ್ಟೆಗೆ ಬಸ್ಸಿನಲ್ಲಿ ಸುತ್ತಿಬಳಸಿ ಹೋದರೆ ಸುಮಾರು ಒಂದು ಗಂಟೆ ಬೇಕು. ಕೊಲ್ಲಿಯನ್ನು ನೇರವಾಗಿ ದಾಟುವ ವೇಗದ ದೋಣಿಗೆ ಸುಮಾರು ಇಪ್ಪತ್ತು ನಿಮಿಷ ಸಾಕು. ಮನೆಯಲ್ಲಿ ಇಬ್ಬರು ಉದ್ಯೋಗಸ್ಥರಿದ್ದರೆ ಒಬ್ಬರು ಕಾರಿನಲ್ಲಿಯೂ ಮತ್ತೊಬ್ಬರು ಸ್ಕೂಟರಿನಲ್ಲಿಯೂ ಕೆಲಸಕ್ಕೆ ಹೋಗುವುದುಂಟು. ಹದಿನಾರು ತುಂಬಿದವರು ಸಣ್ಣ ಮೋಟಾರುಬೈಕನ್ನು ಓಡಿಸಬಹುದು. ಕಾರಿಗಾದರೆ ಹದಿನೆಂಟರವರೆಗೆ ಕಾಯಬೇಕು.

ಈ ವ್ಯವಸ್ಥೆಯಿಂದ ತೊಡಕುಗಳೆಲ್ಲವೂ ನಿವಾರಣೆಯಾಗಿವೆಯೆಂದು ತಿಳಿಯಬಾರದು. ಮಳೆಯಲ್ಲಿ ನೆನೆದ ಕಿರಿದಾದ ತಿರುವುಗಳಲ್ಲಿ ದ್ವಿಚಕ್ರವಾಹನಗಳು ಜಾರಿ ಬೀಳುತ್ತವೆ. ಎಳೆಯರು ಪ್ರಾಣವನ್ನು ಕಳೆದುಕೊಳ್ಳುವುದು ದ್ವೀಪಕ್ಕೆ ತೀರದ ದುಃಖವಾಗಿದೆ. ವೇಗದ ಮಿತಿಯನ್ನು ಮೀರುವವರೂ ಇದ್ದಾರೆ. ನಿಯಮವು ಮನೆಗೆ ಅನ್ವಯಿಸುವುದರಿಂದ, ಒಂದೇ ಕಟ್ಟಡದಲ್ಲಿ ಬೇರೆ ಬೇರೆ ವಸತಿಗಳು ಹೆಚ್ಚಿದಂತೆ ಕಾರುಗಳೂ ಹೆಚ್ಚುತ್ತವೆ. ಇಂದು ಆ ಪುಟ್ಟ ನಾಡಿನಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಕಾರುಗಳಿವೆ. ಬೆಳಗ್ಗೆ ಹ್ಯಾಮಿಲ್ಟನ್ನಿನ ದಾರಿಯಲ್ಲಿ ಅವು ಸಾಲುಗಟ್ಟಿ ನಿಲ್ಲುತ್ತವೆ. ನಿರ್ಬಂಧವಿದ್ದೂ ಹೀಗಾದರೆ, ಅದಿಲ್ಲದಿದ್ದಲ್ಲಿ ಏನಾಗುತ್ತಿತ್ತೆಂದು ಯೋಚಿಸಬೇಕು.

ಇಷ್ಟಬಂದಂತೆ ವಸ್ತುಗಳನ್ನು ಕೊಳ್ಳುವುದು ವ್ಯಕ್ತಿಯ ಸ್ವಾತಂತ್ರ್ಯವೆಂದು ಕೆಲವರು ವಾದಿಸಬಹುದು. ಆದರೆ ಕಾರು ಮನೆಯೊಳಗಿನ ಒಡವೆಯಂತಲ್ಲ. ಅದು ಓಡಲು ರಸ್ತೆ ಬೇಕು, ನಿಲ್ಲಲು ನೆಲ ಬೇಕು. ಇವೆರಡೂ ಎಲ್ಲರಿಗೂ ಸೇರಿದವು. ಒಬ್ಬನ ಎರಡನೆಯ ಕಾರು ನಿಲ್ಲುವ ಜಾಗದಲ್ಲಿ ಮತ್ತೊಬ್ಬರ ಮಗು ಆಡಬಹುದಾಗಿತ್ತು. ಮನೆಗೊಂದೇ ಎಂಬ ಕಟ್ಟಳೆಯ ಮುಂದೆ ಹಣವಂತನೂ ಸಾಮಾನ್ಯನೂ ಸಮಾನರು.

ಸುತ್ತಲೂ ಸಮುದ್ರವಿರುವವರಿಗೆ ನೆಲದ ಎಲ್ಲೆ ಪ್ರತಿದಿನವೂ ಕಣ್ಣಿಗೆ ಬೀಳುತ್ತದೆ. ವಿಶಾಲವಾದ ನಾಡಿನಲ್ಲಿ ಬಾಳುವವರಿಗೆ ಅದು ಅಷ್ಟು ಬೇಗನೆ ಕಾಣುವುದಿಲ್ಲ. ಕಾಣದಿದ್ದರೂ ಎಲ್ಲೆ ಇದ್ದೇ ಇದೆಯೆಂಬುದನ್ನು ಈ ಪುಟ್ಟ ದ್ವೀಪವು ನಮಗೆ ನೆನಪಿಸುತ್ತದೆ.