ದಿನ ಮೀರಿತು, ನೋವು ಬರಲಿಲ್ಲ: ಹೆರಿಗೆ ನೋವು ಬರಿಸುವುದೆಂದರೆ ಏನು?

ಜುಲೈ ತಿಂಗಳ ಮಳೆ. ಕಳಸದ ಮೇಲಿನ ಒಂದು ಎಸ್ಟೇಟಿನಿಂದ ಚೊಚ್ಚಲ ಬಸುರಿಯೊಬ್ಬಳನ್ನು ಆಕೆಯ ಗಂಡ ಮತ್ತು ಅತ್ತೆ ಜೀಪಿನಲ್ಲಿ ಕರೆತಂದಿದ್ದರು. ಡಾಕ್ಟರು ಕೊಟ್ಟ ದಿನಾಂಕ ದಾಟಿ ಒಂದು ವಾರವಾಗಿತ್ತು. ನೋವಿಲ್ಲ, ನೀರು ಹೋಗಿಲ್ಲ, ಮಗು ಚೆನ್ನಾಗಿ ಆಡುತ್ತಿದೆ. ಪರೀಕ್ಷೆ ಮಾಡಿದ ವೈದ್ಯೆ, "ಇವತ್ತೇ ಅಡ್ಮಿಟ್ ಆಗಲಿ, ನಾಳೆ ಬೆಳಿಗ್ಗೆ ನೋವು ಬರಿಸೋಣ" ಎಂದರು. ಅತ್ತೆಯ ಮುಖ ಬಾಡಿತು. ವೈದ್ಯೆ ಆಚೆ ಹೋದ ಮೇಲೆ ನನ್ನ ಕೈ ಹಿಡಿದು, "ಮಗಳೇ, ನಾನು ಆರು ಹೆತ್ತವಳು. ನೋವು ಬರುವಾಗ ತಾನಾಗಿ ಬರುತ್ತದೆ. ಅದನ್ನು ಬರಿಸುವುದು ಅಂದರೇನು? ಕೊನೆಗೆ ಹೊಟ್ಟೆ ಕೊಯ್ಯಲಿಕ್ಕೆ ಇದೊಂದು ದಾರಿ ಅಲ್ಲವಾ?" ಎಂದು ಕೇಳಿದರು.

ಹೆರಿಗೆ ವಾರ್ಡಿನಲ್ಲಿ ದಾದಿಯಾಗಿ ಕಳೆದ ವರ್ಷಗಳಲ್ಲಿ ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದು ಲೆಕ್ಕವಿಲ್ಲ. ಪ್ರಶ್ನೆ ತಪ್ಪಲ್ಲ. ಉತ್ತರ ಹೇಳುವಷ್ಟು ಪುರುಸೊತ್ತು ವಾರ್ಡಿನಲ್ಲಿ ಯಾರಿಗೂ ಇರುವುದಿಲ್ಲ ಎಂಬುದೇ ತೊಂದರೆ.

ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಿದರೆ 280 ದಿನ, ಅಂದರೆ 40 ವಾರಕ್ಕೆ ದಿನ ತುಂಬುತ್ತದೆ. ಹೆಚ್ಚಿನವರಿಗೆ ಅದರ ಆಸುಪಾಸಿನಲ್ಲಿ ನೋವು ಶುರುವಾಗುತ್ತದೆ. 41 ವಾರ ದಾಟಿದ ಮೇಲೆ ಮಗುವಿಗೆ ರಕ್ತ, ಆಹಾರ ಒದಗಿಸುವ ಮಾಸು ಸೋಲತೊಡಗಬಹುದು. ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಸ್ವಲ್ಪಸ್ವಲ್ಪವೇ ಏರುತ್ತದೆ. ಆದ್ದರಿಂದಲೇ ದಿನದ ಲೆಕ್ಕ ಖಚಿತವಿದ್ದು 41 ವಾರ ತುಂಬಿದವರಿಗೆ ನೋವು ಬರಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಬಿ.ಪಿ. ಏರಿದವರು, ಶುಗರ್ ಇರುವವರು, ನೀರು ಹೋಗಿಯೂ ನೋವು ಬಾರದವರು, ಹೊಟ್ಟೆಯೊಳಗೆ ಮಗು ಸರಿಯಾಗಿ ಬೆಳೆಯದವರು, ಇಂಥವರಿಗೆ ಅದಕ್ಕಿಂತ ಮೊದಲೇ ಬೇಕಾಗಬಹುದು.

'ದಿನದ ಲೆಕ್ಕ ಖಚಿತವಿದ್ದು' ಎಂಬ ಮಾತನ್ನು ಗಮನಿಸಿ. ನಮ್ಮಲ್ಲಿ ಎಷ್ಟೋ ಮಂದಿಗೆ ಕೊನೆಯ ಮುಟ್ಟಿನ ದಿನಾಂಕ ನೆನಪಿರುವುದಿಲ್ಲ. "ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ" ಎಂದೋ "ರಂಝಾನ್ ಕಳೆದು ಸ್ವಲ್ಪ ದಿನಕ್ಕೆ" ಎಂದೋ ಹೇಳುತ್ತಾರೆ. ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗ್ ಇದ್ದರೆ ವೈದ್ಯರು ದಿನವನ್ನು ಸರಿಯಾಗಿ ಗುರುತಿಸಬಲ್ಲರು. ಎಂಟನೇ ತಿಂಗಳ ಸ್ಕ್ಯಾನಿಂಗಿನಿಂದ ಅದು ಸಾಧ್ಯವಿಲ್ಲ. ಹಾಗಾಗಿ ಆ ಮೊದಲ ಸ್ಕ್ಯಾನಿಂಗ್ ಚೀಟಿಯನ್ನು ತಾಯಿ ಕಾರ್ಡಿನೊಳಗೇ ಇಟ್ಟುಕೊಳ್ಳಿ. ತವರಿಗೆ ಹೋಗುವಾಗ ಸೀರೆ, ಒಡವೆ ನೆನಪಾಗುತ್ತದೆ, ಈ ಚೀಟಿ ಮಾತ್ರ ಗಂಡನ ಮನೆಯ ಬೀರುವಿನಲ್ಲೇ ಉಳಿದುಬಿಡುತ್ತದೆ!

ಅಡ್ಮಿಟ್ ಆದ ಮೇಲೆ ಮೊದಲು ನಡೆಯುವುದು ಒಳ ಪರೀಕ್ಷೆ. ಗರ್ಭಕೋಶದ ಬಾಯಿ ಮೆತ್ತಗಾಗಿದೆಯೇ, ಎಷ್ಟು ತೆರೆದಿದೆ, ಮಗುವಿನ ತಲೆ ಎಷ್ಟು ಕೆಳಗೆ ಬಂದಿದೆ ಎಂದು ನೋಡಿ ಅಂಕ ಹಾಕುತ್ತಾರೆ. 1964ರಲ್ಲಿ ಬಿಷಪ್ ಎಂಬ ವೈದ್ಯರು ಹೇಳಿಕೊಟ್ಟ ಕ್ರಮ ಇದು. ಅಂಕ ಎಂಟು ದಾಟಿದ್ದರೆ ಕೆಲಸ ಹಗುರ. ಕಡಿಮೆ ಇದ್ದರೆ ಮೊದಲು ಬಾಯಿ ಹದವಾಗಬೇಕು. ಬಹಳ ಸಮಯ ಹಿಡಿಯುವುದು ಇದಕ್ಕೇ.

ಹದ ಮಾಡುವುದಕ್ಕೆ ನಮ್ಮ ಕಡೆ ಹೆಚ್ಚಾಗಿ ಮೂರು ದಾರಿ. ಒಂದು, ಫ್ರಿಜ್‌ನಲ್ಲಿಟ್ಟ ಜೆಲ್ ಅನ್ನು ಒಳಗೆ ಹಾಕುವುದು. ಹಾಕಿದ ಮೇಲೆ ಅರ್ಧ ಗಂಟೆ ಮಲಗಿರಬೇಕು, ಬೇಕಾದರೆ ಆರು ಗಂಟೆಯ ನಂತರ ಮತ್ತೆ ಹಾಕುತ್ತಾರೆ. ಇನ್ನೊಂದು, ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು 25 ಮೈಕ್ರೋಗ್ರಾಂನಂತೆ ಕೆಲವು ಗಂಟೆಗಳಿಗೊಮ್ಮೆ ಕೊಡುವುದು. ಮೂರನೆಯದು ಮೂತ್ರಕ್ಕೆ ಹಾಕುವಂಥದೇ ರಬ್ಬರ್ ನಳಿಕೆ. ಅದರ ತುದಿಯ ಪುಟ್ಟ ಬಲೂನಿಗೆ 30ರಿಂದ 60 ಮಿಲಿ ನೀರು ತುಂಬಿ ಗರ್ಭಕೋಶದ ಬಾಯಿಯ ಒಳಗೆ ಕೂರಿಸುತ್ತಾರೆ. ಬಾಯಿ ಮೂರು ಸೆಂ.ಮೀ.ನಷ್ಟು ತೆರೆದಾಗ ಅದು ತಾನಾಗಿ ಕಳಚಿ ಬರುತ್ತದೆ. ನಳಿಕೆ ನೋಡಿ ಹೆದರುವವರೇ ಹೆಚ್ಚು. ಹಾಕುವಾಗ ಕಿರಿಕಿರಿ ಆಗುತ್ತದೆ, ಹಾಕಿದ ಮೇಲೆ ಎದ್ದು ಓಡಾಡಬಹುದು. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದವರಿಗೆ ಮಾತ್ರೆ ಕೊಡುವಂತಿಲ್ಲ, ಹಳೆಯ ಹೊಲಿಗೆ ಬಿಟ್ಟುಹೋಗುವ ಭಯವಿದೆ. ಗರ್ಭಕೋಶಕ್ಕೆ ಬೇರೆ ಯಾವುದೇ ಆಪರೇಷನ್ ಆಗಿದ್ದರೂ ಕೇಳುವ ಮೊದಲೇ ಹೇಳಿಬಿಡಿ.

ಬಾಯಿ ತೆರೆದ ಮೇಲೆ ನೀರಿನ ಚೀಲ ಒಡೆಯುತ್ತಾರೆ. ಬೆಚ್ಚಗೆ ನೀರು ಹರಿದುಬರುತ್ತದೆ, ವಿಶೇಷ ನೋವಾಗುವುದಿಲ್ಲ. ನೀರು ತಿಳಿಯಾಗಿದ್ದರೆ ಒಳ್ಳೆಯದು, ಹಸಿರಾಗಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ. ಆಗ ದಾದಿಯರ ಓಡಾಟ ಹೆಚ್ಚಾಗುವುದನ್ನು ಕಂಡು ಗಾಬರಿಯಾಗಬೇಡಿ, ಏನೆಂದು ಕೇಳಿ.

ಆಮೇಲೆ ಆಕ್ಸಿಟೋಸಿನ್ ಡ್ರಿಪ್. ನಮ್ಮವರ ಬಾಯಲ್ಲಿ 'ನೋವಿನ ಇಂಜೆಕ್ಷನ್'. ಹಸು ಸಾಕಿದವರಿಗೆ ಇದರ ಹೆಸರು ಬೇರೆ ರೀತಿಯಲ್ಲೂ ಗೊತ್ತು. ಹಾಲು ಸೊರೆಯಲು ದನಗಳಿಗೆ ಕಳ್ಳತನದಲ್ಲಿ ಚುಚ್ಚುತ್ತಾರೆಂಬ ಕಾರಣಕ್ಕೆ 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳೆಲ್ಲ ಇದನ್ನು ದೇಶದ ಬಳಕೆಗಾಗಿ ತಯಾರಿಸುವುದನ್ನು ನಿಷೇಧಿಸಿ, ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಕಂಪನಿಗೆ ಮಾತ್ರ ಬಿಟ್ಟುಕೊಟ್ಟಿತ್ತು. ಹೆರಿಗೆಗೆ ಔಷಧ ಸಾಲದೆ ಹೋದರೆ ತಾಯಂದಿರ ಗತಿಯೇನು ಎಂಬ ಪ್ರಶ್ನೆ ಎದ್ದಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಡ್ರಿಪ್‌ನಲ್ಲಿ ಈ ಔಷಧ ಹನಿಹನಿಯಾಗಿ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ಸ್ವಲ್ಪ ಏರಿಸುತ್ತಾರೆ. ಹತ್ತು ನಿಮಿಷದಲ್ಲಿ ಮೂರು-ನಾಲ್ಕು ಸಲ ನೋವು ಬಂದರೆ ಸಾಕು. ಐದಕ್ಕಿಂತ ಹೆಚ್ಚಾದರೆ ಮಗುವಿಗೆ ಉಸಿರಾಡಲು ಬಿಡುವು ಸಿಗದಂತೆ ಆಗುತ್ತದೆ, ಡ್ರಿಪ್ ನಿಲ್ಲಿಸಬೇಕು. ನಿಲ್ಲಿಸಿದ ಕೆಲವು ನಿಮಿಷಗಳಲ್ಲೇ ರಕ್ತದಲ್ಲಿ ಔಷಧದ ಪ್ರಮಾಣ ಇಳಿಯತೊಡಗುತ್ತದೆ. ಇದಕ್ಕಾಗಿಯೇ ಪದೇಪದೇ ಮಗುವಿನ ಎದೆಬಡಿತ ಕೇಳುವುದು. ನಿಮಿಷಕ್ಕೆ 110ರಿಂದ 160ರವರೆಗೆ ಇರಬೇಕು.

ಇದೇ ಔಷಧವನ್ನು ಮಗು ಹುಟ್ಟುವ ಮೊದಲು ತೊಡೆಗೋ ಸೊಂಟಕ್ಕೋ ಚುಚ್ಚಿಬಿಟ್ಟರೆ? ಹಿಂದಕ್ಕೆ ಎಳೆಯುವ ದಾರಿಯೇ ಇಲ್ಲ. ಒಂದು ಸಲ ಲೈನ್ ಮನೆಯಿಂದ ಬಂದ ಹೆಂಗಸಿಗೆ ಎರಡು ನೋವಿನ ನಡುವೆ ಬಿಡುವೇ ಇರಲಿಲ್ಲ, ಹೊಟ್ಟೆ ಕಲ್ಲಿನಂತಿತ್ತು. ಕೇಳಿ ಕೇಳಿ ಕೊನೆಗೆ ಗೊತ್ತಾಯಿತು, ಮನೆಯಲ್ಲೇ ಯಾರೋ 'ಬೇಗ ಆಗಲಿ' ಎಂದು ಒಂದು ಇಂಜೆಕ್ಷನ್ ಕೊಟ್ಟಿದ್ದರು. ಮಗುವಿನ ಎದೆಬಡಿತ ಎಂಬತ್ತಕ್ಕೆ ಇಳಿದಿತ್ತು. ತುರ್ತು ಸಿಸೇರಿಯನ್ ಆಗಿ ಮಗು ಉಳಿಯಿತು. ಉಳಿದದ್ದು ಆಪರೇಷನ್ ಕೋಣೆ ಹತ್ತು ಹೆಜ್ಜೆಯಲ್ಲಿದ್ದುದರಿಂದ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಮಾತ್ರೆಯ ಕತೆಯೂ ಅಷ್ಟೆ. ಅದರಲ್ಲಿ 200 ಮೈಕ್ರೋಗ್ರಾಂ ಇದ್ದರೆ ಹೆರಿಗೆಗೆ ಕೊಡುವ ಪ್ರಮಾಣದ ಎಂಟರಷ್ಟಾಯಿತು. ಮನೆಯಲ್ಲಿ ಬ್ಲೇಡಿನಿಂದ ಕತ್ತರಿಸಿ ಅಳೆಯುವ ವಸ್ತುವಲ್ಲ ಅದು.

ಇನ್ನು ಆ ಅತ್ತೆಯ ಪ್ರಶ್ನೆಗೆ ಬರೋಣ. ನೋವು ಬರಿಸಿದರೆ ಸಿಸೇರಿಯನ್ ಖಚಿತವೇ? 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ತೊಂದರೆಯಿಲ್ಲದ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲ ಬಸುರಿಯರಿದ್ದರು. 39ನೇ ವಾರದಲ್ಲೇ ನೋವು ಬರಿಸುವ ಗುಂಪಿನಲ್ಲಿ ಶೇ. 18.6 ಮಂದಿಗೆ ಸಿಸೇರಿಯನ್ ಆಯಿತು, ಕಾಯುವ ಗುಂಪಿನಲ್ಲಿ ಶೇ. 22.2. ಅಂದರೆ ಕಾದವರಿಗೇ ಹೆಚ್ಚು. ಆದರೆ ಅಲ್ಲಿ ತಾಳ್ಮೆಯಿಂದ ಕಾಯುವ ವ್ಯವಸ್ಥೆ ಇತ್ತು ಎಂಬುದನ್ನು ಮರೆಯಬಾರದು. ನಮಗೆ ಹತ್ತಿರದ ಲೆಕ್ಕ ನಾಗಪುರದ್ದು. ಅಲ್ಲಿನ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ಬಿ.ಪಿ. ಏರಿದ್ದ 602 ಬಸುರಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ. 24 ಗಂಟೆಯೊಳಗೆ ಸಹಜ ಹೆರಿಗೆಯಾದವರು ಮಾತ್ರೆ ತೆಗೆದುಕೊಂಡವರಲ್ಲಿ ಶೇ. 57, ನಳಿಕೆ ಹಾಕಿಸಿಕೊಂಡವರಲ್ಲಿ ಶೇ. 47. ಉಳಿದವರಲ್ಲಿ ಕೆಲವರಿಗೆ ಆಪರೇಷನ್ ಬೇಕಾಯಿತು, ಕೆಲವರಿಗೆ ಒಂದು ದಿನ ಸಾಲಲಿಲ್ಲ.

ಈ 'ಒಂದು ದಿನ ಸಾಲಲಿಲ್ಲ' ಎಂಬುದನ್ನು ಮನೆಯವರು ಅರ್ಥ ಮಾಡಿಕೊಳ್ಳಬೇಕು. ಬೆಳಿಗ್ಗೆ ಜೆಲ್ ಹಾಕಿದರೆ ಮಧ್ಯಾಹ್ನಕ್ಕೆ ಮಗು ಬರುತ್ತದೆಂದು ನೆಂಟರೆಲ್ಲ ವರಾಂಡದಲ್ಲಿ ಸೇರುತ್ತಾರೆ. ಸಂಜೆಯಾಗುತ್ತಲೇ "ಇನ್ನೂ ಆಗಿಲ್ವಾ?", ರಾತ್ರಿಗೆ "ಕೊಯ್ದೇ ತೆಗೆಯಿರಿ, ಅವಳ ಸಂಕಟ ನೋಡಲಾಗುವುದಿಲ್ಲ". ಬಾಯಿ ಹದವಾಗದ ಚೊಚ್ಚಲಿಗೆ ಒಂದೂವರೆ, ಎರಡು ದಿನ ಹಿಡಿಯುವುದು ಸಾಮಾನ್ಯ. ತಾಯಿ, ಮಗು ಚೆನ್ನಾಗಿದ್ದರೆ ಕಾಯುವುದರಲ್ಲಿ ತಪ್ಪಿಲ್ಲ. ಮಗುವಿನ ಎದೆಬಡಿತ ಕೆಟ್ಟಾಗ ವೈದ್ಯರು ಸಿಸೇರಿಯನ್ ಎಂದರೆ ಆಗ ತಡ ಮಾಡಬಾರದು, ಗಂಡ ಊರಿಂದ ಬರಲಿ ಎಂದು ಸಹಿಗೆ ಕಾಯಿಸಬಾರದು.

ನೋವಿನ ಬಗ್ಗೆ ಸುಳ್ಳು ಹೇಳಲಾರೆ. ತಾನಾಗಿ ಬರುವ ನೋವು ಮೆಲ್ಲಗೆ ಏರುತ್ತದೆ. ಡ್ರಿಪ್‌ನ ನೋವು ಬೇಗ ಏರುತ್ತದೆ, ಹೊಂದಿಕೊಳ್ಳಲು ಸಮಯ ಕೊಡುವುದಿಲ್ಲ. ಬೆನ್ನಿಗೆ ಕೊಡುವ ನೋವು ನಿವಾರಕ ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಸಿಗುವುದು ಅಪರೂಪ. ಸೊಂಟ ಉಜ್ಜುವ ಒಂದು ಕೈ, ಎಡಮಗ್ಗುಲಿಗೆ ಮಲಗುವುದು, ಆಗಾಗ ಎದ್ದು ನಡೆಯುವುದು, ಇವು ನಿಜವಾಗಿ ಸಹಾಯ ಮಾಡುತ್ತವೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಉಮ್ಮನೋ ಅಕ್ಕನೋ ಧೈರ್ಯ ಇರುವವರು ಬರಲಿ. ಅಳುವವರು ಹೊರಗಿರಲಿ. ವೈದ್ಯರು ಬೇಡವೆನ್ನದಿದ್ದರೆ ಗಂಜಿ, ಎಳನೀರು, ನೀರು ಕುಡಿಯುತ್ತಿರಬೇಕು.

ಮಹಿಳಾ ವೈದ್ಯರೇ ಬೇಕೆನ್ನುವವರು ಅದನ್ನು ಅಡ್ಮಿಟ್ ಆಗುವಾಗಲೇ ವಿನಯದಿಂದ ಹೇಳಿ, ಪರದೆ ಎಳೆಯಲು, ಮೇಲೆ ಬಟ್ಟೆ ಹೊದಿಸಲು ಕೇಳಿ. ನಡುರಾತ್ರಿ ತುರ್ತಾದರೆ ಡ್ಯೂಟಿಯಲ್ಲಿರುವವರು ಯಾರಾದರೂ ಸರಿ. ಪ್ರಾಣದ ಪ್ರಶ್ನೆ ಬಂದಾಗ ಧರ್ಮ ಅದಕ್ಕೆ ಅಡ್ಡಿಯಾಗಿಲ್ಲ.

ಖರ್ಜೂರದ ವಿಷಯ ಕೇಳದ ಓದುಗರಿಲ್ಲ. ಹೆರಿಗೆ ನೋವಿನಲ್ಲಿದ್ದ ಮರ್ಯಮ್ ಅವರಿಗೆ ಖರ್ಜೂರ ಒದಗಿದ ಪ್ರಸಂಗ ಕುರ್‌ಆನ್‌ನಲ್ಲಿದೆ. ಜೋರ್ಡಾನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊನೆಯ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ತಿಂದವರಲ್ಲಿ ಶೇ. 28 ಮಂದಿಗೆ ನೋವಿನ ಔಷಧ ಬೇಕಾಯಿತು, ತಿನ್ನದವರಲ್ಲಿ ಶೇ. 47. ಅದು ಸಣ್ಣ ಅಧ್ಯಯನ. ತಿನ್ನುವುದರಿಂದ ನಷ್ಟವಿಲ್ಲ, ಶುಗರ್ ಇರುವವರು ಮಾತ್ರ ಕೇಳಿಯೇ ತಿನ್ನಿ. ಜೀರಿಗೆ ಕಷಾಯ ಸುಳ್ಳು ನೋವನ್ನು ಶಮನ ಮಾಡಬಹುದು, ನಿಜವಾದ ನೋವನ್ನು ಬರಿಸುವುದಿಲ್ಲ. ಹರಳೆಣ್ಣೆ ಕುಡಿದರೆ ಭೇದಿಯಾಗಿ ಸುಸ್ತಾದವರನ್ನು ನಾನೇ ನೋಡಿದ್ದೇನೆ.

ನಮ್ಮ ಬೆಟ್ಟದವರಿಗೆ ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ ದಾರಿಯದು. ಕಳಸದಿಂದ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಘಾಟಿ ತಿರುವುಗಳಲ್ಲಿ ಎರಡೂವರೆ-ಮೂರು ಗಂಟೆ. ಮೂಡಿಗೆರೆಯಿಂದಾದರೆ ಸುಮಾರು 30 ಕಿ.ಮೀ. ಭದ್ರೆ ಉಕ್ಕಿದಾಗ ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮುಳುಗುವುದನ್ನು ವರ್ಷವರ್ಷ ನೋಡುತ್ತಿದ್ದೇವೆ. ಕೊಟ್ಟಿಗೆಹಾರದ ಕಡೆ ಮರ ಬಿದ್ದರೆ ಗಂಟೆಗಟ್ಟಲೆ ನಿಲ್ಲಬೇಕು. ನೋವು ಬರಿಸುವ ಕೆಲಸ ಆಪರೇಷನ್ ಸೌಲಭ್ಯ, ರಕ್ತ, ರಾತ್ರಿ ಡಾಕ್ಟರು ಇರುವ ಕಡೆಯೇ ಆಗಬೇಕು. "ಇಲ್ಲಿ ಶುರು ಮಾಡಿ, ಆಗದಿದ್ದರೆ ದೊಡ್ಡ ಆಸ್ಪತ್ರೆಗೆ ಹೋಗುತ್ತೇವೆ" ಎನ್ನುವ ಲೆಕ್ಕ ಬಯಲು ಸೀಮೆಯಲ್ಲಿ ನಡೆದೀತು, ಇಲ್ಲಿ ನಡೆಯದು. ಒಂಬತ್ತನೇ ತಿಂಗಳಲ್ಲೇ ಆಶಾ ಕಾರ್ಯಕರ್ತೆಯೊಂದಿಗೆ ಮಾತಾಡಿ, ದಿನ ದಾಟಿದರೆ ಎಲ್ಲಿಗೆ, ಯಾವ ವಾಹನದಲ್ಲಿ ಎಂದು ತೀರ್ಮಾನಿಸಿ. ನೆಟ್‌ವರ್ಕ್ ಸಿಗದ ಮನೆಯಾದರೆ 108ಕ್ಕೆ ಕರೆ ಮಾಡಲು ಯಾವ ತಿರುವಿಗೆ ಓಡಬೇಕು ಎಂಬುದೂ ಗೊತ್ತಿರಲಿ. ಮಳೆಗಾಲದಲ್ಲಿ ಪೇಟೆಯ ನೆಂಟರ ಮನೆಗೆ ಒಂದು ವಾರ ಮೊದಲೇ ಬಂದಿರುವುದು ನಾಚಿಕೆಯ ವಿಷಯವಲ್ಲ. ಕಾಯುವ ದಿನಗಳಲ್ಲಿ ಮಗುವಿನ ಆಟ ಕಡಿಮೆ ಎನಿಸಿದರೆ ಕೊಟ್ಟ ತಾರೀಕಿಗೆ ಕಾಯದೆ ಅದೇ ದಿನ ಹೋಗಿ.

ಆ ಕಳಸದ ಹುಡುಗಿಗೆ ನಳಿಕೆ, ಆಮೇಲೆ ಡ್ರಿಪ್, ಎಲ್ಲ ಸೇರಿ ಮೂವತ್ತು ಗಂಟೆ ಹಿಡಿಯಿತು. ಸಹಜ ಹೆರಿಗೆ, ಹೆಣ್ಣು ಮಗು. ಹೊರಗೆ ಬಂದು ಹೇಳಿದಾಗ ಅತ್ತೆ ಮೊದಲು ಕೇಳಿದ್ದು, "ಇವತ್ತೇ ಮನೆಗೆ ಹೋಗಬಹುದಾ?" ಎಂದು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಹೆಚ್ಚು ಹೊತ್ತು ಡ್ರಿಪ್ ಹಾಕಿದ ಗರ್ಭಕೋಶ ದಣಿದಿರುತ್ತದೆ, ಹೆರಿಗೆಯ ನಂತರ ರಕ್ತ ಹೆಚ್ಚು ಹೋಗುವ ಸಂಭವವಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನದವರೆಗೆ ಊಟವೂ ಸೇರಿ ಉಚಿತ, ಮನೆಗೆ ಬಿಡುವ ವಾಹನವೂ ಉಚಿತ. ಆ ದಿನಗಳನ್ನು ಅಲ್ಲೇ ಕಳೆಯಿರಿ. ಮನೆಗೆ ಹೋದ ಮೇಲೆ ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ಒದ್ದೆಯಾಗುವಷ್ಟು ರಕ್ತ ಹೋದರೆ, ಜ್ವರ ಬಂದರೆ, ಕಣ್ಣು ಕತ್ತಲೆ ಬಂದರೆ, ನಲವತ್ತು ದಿನ ಹೊರಗೆ ಹೋಗಬಾರದು ಎಂದು ಯಾರು ಹೇಳಿದರೂ ಕೇಳದೆ ಆಸ್ಪತ್ರೆಗೆ ಹೊರಡಿ.