ಹೊಟ್ಟೆ ಉಬ್ಬರ: ಎಲ್ಲವೂ ‘ಗ್ಯಾಸ್’ ಅಲ್ಲ



ಗೊಬ್ಬರಕ್ಕೆಂದು ಸಂಘದ ಕಛೇರಿಗೆ ಬರುವ ಸದಸ್ಯರಲ್ಲಿ ಹಲವರು ಮಾತಿನ ನಡುವೆ ಹೇಳುವ ದೂರೊಂದುಂಟು: “ಬೆಳಿಗ್ಗೆ ಸರಿಯಿರುತ್ತದೆ ಸೆಕ್ರೆಟರಿಗಳೇ, ಸಂಜೆಯ ಹೊತ್ತಿಗೆ ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತದೆ.” ಈ ಬಾಧೆ ನನಗೂ ಹಲವು ವರ್ಷಗಳಿಂದ ಇದೆ, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಂತೂ ಹೆಚ್ಚು. ಆದ್ದರಿಂದ ವೈದ್ಯರಿಂದ ಕೇಳಿ, ಓದಿ ತಿಳಿದ ಕೆಲವು ಸಂಗತಿಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಇದಕ್ಕೆ ಸಾಮಾನ್ಯ ಕಾರಣಗಳಲ್ಲೊಂದು ಐ.ಬಿ.ಎಸ್., ಅಂದರೆ ಕರುಳು ಕೆರಳುವ ತೊಂದರೆ. ಇದರಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಇರುವುದಿಲ್ಲ. ಕರುಳಿನ ಚಲನೆ ಮತ್ತು ಮಿದುಳಿನೊಡನೆ ಅದಕ್ಕಿರುವ ನರಗಳ ಸಂಪರ್ಕ ಹದ ತಪ್ಪಿರುತ್ತದೆ. ಉಬ್ಬರವೊಂದೇ ಇದ್ದರೆ ಐ.ಬಿ.ಎಸ್. ಎನ್ನಲಾಗದು. 2016ರ ‘ರೋಮ್ 4’ ಸೂತ್ರದಂತೆ ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ 1 ದಿನವಾದರೂ ಹೊಟ್ಟೆನೋವು ಇರಬೇಕು. ಮಲವಿಸರ್ಜನೆಯೊಡನೆ ನೋವಿಗೆ ಸಂಬಂಧ, ವಿಸರ್ಜನೆಯ ಸಲದಲ್ಲಿ ವ್ಯತ್ಯಾಸ, ಮಲದ ಹದದಲ್ಲಿ ವ್ಯತ್ಯಾಸ, ಈ ಮೂರರಲ್ಲಿ ಎರಡಾದರೂ ಕಾಣಬೇಕು. ತೊಂದರೆ ಶುರುವಾಗಿ 6 ತಿಂಗಳು ಕಳೆದಿರಬೇಕು.

ಉಬ್ಬರವಿರುವ ಅನೇಕರಲ್ಲಿ ವಾಯುವಿನ ಪ್ರಮಾಣ ಇತರರಿಗಿಂತ ಹೆಚ್ಚೇನೂ ಇರುವುದಿಲ್ಲ. ಅಷ್ಟೇ ವಾಯುವಿಗೆ ಅವರ ಕರುಳು ಹೆಚ್ಚು ನೋಯುತ್ತದೆ. ಕೆಲವರಲ್ಲಿ ವಪೆ ಕೆಳಗಿಳಿದು, ಹೊಟ್ಟೆಯ ಮುಂಭಾಗದ ಸ್ನಾಯುಗಳು ಸಡಿಲಗೊಂಡು, ಹೊಟ್ಟೆ ನಿಜವಾಗಿಯೂ ಮುಂದೆ ಬರುತ್ತದೆ.

ಇನ್ನು ಆಹಾರ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳಲ್ಲಿರುವ ಕೆಲವು ಶರ್ಕರಗಳು, ಕೆಲವರಿಗೆ ಹಾಲಿನದು ಸಹ, ಸಣ್ಣ ಕರುಳಿನಲ್ಲಿ ಅರಗುವುದಿಲ್ಲ. ಪಲ್ಪ್ ಮಾಡಿದ ಕಾಫಿಯ ಲೋಳೆ ತೊಟ್ಟಿಯಲ್ಲಿ ಹುಳಿಯುವಂತೆ ಅವು ದೊಡ್ಡ ಕರುಳಿನಲ್ಲಿ ಹುಳಿತು ವಾಯು ಹುಟ್ಟಿಸುತ್ತವೆ. ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾನಿಲಯದವರು ರೂಪಿಸಿದ ಪಥ್ಯದಲ್ಲಿ ಇಂಥವನ್ನು ಕೆಲವು ವಾರ ಬಿಟ್ಟು, ಬಳಿಕ ಒಂದೊಂದಾಗಿ ತಿಂದು ನೋಡುತ್ತಾರೆ. ಆಗದ್ದನ್ನು ಮಾತ್ರ ಕಡಿಮೆ ಮಾಡಬೇಕು; ಎಲ್ಲವನ್ನೂ ಶಾಶ್ವತವಾಗಿ ಬಿಡುವುದು ತರವಲ್ಲ. ನಾರು ಬೇಕೆಂದು ಗೋಧಿ ತೌಡು ತಿಂದರೆ ಉಬ್ಬರ ಹೆಚ್ಚಬಹುದು. ಇಸಬಗೋಲನ್ನು ಸ್ವಲ್ಪದಿಂದ ಆರಂಭಿಸುವುದು ಮೇಲು. ನನಗಂತೂ ಈರುಳ್ಳಿ ಕಡಿಮೆ ಮಾಡಿ, ಹೊತ್ತಿಗೆ ಸರಿಯಾಗಿ ಉಂಡದ್ದೇ ಗುಣ ಕೊಟ್ಟಿತು.

ಕೊನೆಯದಾಗಿ ಮುಖ್ಯ ಮಾತು. ನಮ್ಮ ಅತ್ತಿಗೆಯವರು ಉಬ್ಬರವನ್ನು ‘ಗ್ಯಾಸ್’ ಎಂದುಕೊಂಡು, ಪುಡಿ ಕದಡಿ ಕುಡಿಯುತ್ತಾ, ಕೊಯ್ಲು ಮುಗಿಯಲಿ ಎಂದು ತಿಂಗಳುಗಟ್ಟಲೆ ತಡಮಾಡಿದರು. ಅದು ಅಂಡಾಶಯದ ಕ್ಯಾನ್ಸರ್ ಆಗಿತ್ತು. ಅವರು ಈಗ ನಮ್ಮೊಂದಿಗಿಲ್ಲ. 50 ದಾಟಿದ ಮೇಲೆ ಹೊಸದಾಗಿ ಇಂಥ ತೊಂದರೆ ಶುರುವಾದರೆ, ಹೆಂಗಸರಲ್ಲಿ ಉಬ್ಬರ ಬಿಡದೆ ನಿಂತರೆ, ಮಲದಲ್ಲಿ ರಕ್ತ, ತೂಕ ಇಳಿಕೆ, ರಕ್ತಹೀನತೆ, ಜ್ವರ ಅಥವಾ ನಿದ್ದೆಯಿಂದ ಎಬ್ಬಿಸುವ ಭೇದಿ ಕಂಡರೆ ದಯವಿಟ್ಟು ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಮನೆಯ ಹೆಂಗಸರನ್ನೂ ಕೇಳಿ. ಅವರಾಗಿ ಹೇಳುವುದು ಕಡಿಮೆ. ಕೊಯ್ಲು ನಾಲ್ಕು ದಿನ ಕಾಯಬಲ್ಲದು.

— ಕಾರ್ಯದರ್ಶಿ