ಜೂಡೋ ಚೀಲದಲ್ಲಿ ಏನೇನಿರಬೇಕು?

ಜೂಡೋ ಪ್ರಾಕ್ಟೀಸಿಗೆ ಹೊರಡುವವರ ಚೀಲದಲ್ಲಿ ಸಾಮಾನು ಕಡಿಮೆ. ಬಾಕ್ಸಿಂಗ್ ಕಲಿಯುವವರ ಹಾಗೆ ಗ್ಲೌಸ್, ಹೆಡ್‌ಗಾರ್ಡ್ ಹೊರಬೇಕಿಲ್ಲ. ಆದರೆ ಇದು ಹಿಡಿದು, ಎತ್ತಿ, ಕೆಡವಿ, ನೆಲಕ್ಕೆ ಅದುಮುವ ಆಟ. ಒಬ್ಬರ ಬೆವರು ಇನ್ನೊಬ್ಬರ ಮೈಗೆ ತಾಗದೆ ಒಂದು ದಿನವೂ ಮುಗಿಯುವುದಿಲ್ಲ. ಹಾಗಾಗಿ ಚೀಲಕ್ಕೆ ಹಾಕುವ ಅರ್ಧ ಸಾಮಾನು ಜೊತೆಗೆ ಆಡುವವರ ಹಿತಕ್ಕೇ ಬೇಕಾದದ್ದು.

ಹೆಚ್ಚು ಜಾಗ ಹಿಡಿಯುವುದು ಜೂಡೋಗಿ, ಅಂದರೆ ಜೂಡೋ ಡ್ರೆಸ್. ಎದುರಾಳಿ ಕಾಲರ್, ತೋಳು ಹಿಡಿದು ಜಗ್ಗುವುದರಿಂದ ಇದರ ಅಂಗಿಯನ್ನು ಕರಾಟೆ ಡ್ರೆಸ್‌ಗಿಂತ ಬಹಳ ದಪ್ಪವಾಗಿ, ಅಕ್ಕಿಕಾಳು ಜೋಡಿಸಿಟ್ಟಂತೆ ನೇಯ್ದಿರುತ್ತಾರೆ. ಹೊಸಬರಿಗೆ ಹಗುರವಾದ ಒಂದೆಳೆ ನೇಯ್ಗೆಯದ್ದೇ ಸಾಕು. ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಹತ್ತಿ ಬಟ್ಟೆಯಾದ್ದರಿಂದ ಮೊದಲ ಕೆಲವು ಒಗೆತದಲ್ಲಿ ಕುಗ್ಗುತ್ತದೆ, ಬಿಸಿನೀರಿಗೆ ಹಾಕಿದರೆ ಇನ್ನೂ ಹೆಚ್ಚು. ಕೊಳ್ಳುವಾಗ ತುಸು ಸಡಿಲವಾಗಿರಲಿ. ಹೆಣ್ಣುಮಕ್ಕಳು ಅಂಗಿಯ ಒಳಗೆ ದುಂಡು ಕುತ್ತಿಗೆಯ ಬಿಳಿ ಟೀ ಶರ್ಟ್ ಹಾಕಬೇಕು, ಅದನ್ನೂ ಜೊತೆಗಿಡಿ. ಪ್ಯಾಂಟನ್ನು ಅಂಗಿಯೊಳಗಿಟ್ಟು ಮಡಚಿ, ಸುರುಳಿ ಸುತ್ತಿ, ಬೆಲ್ಟಿನಿಂದಲೇ ಕಟ್ಟಿಬಿಡಿ. ಹೀಗೆ ಮಾಡಿದರೆ ಬೆಲ್ಟ್ ಮನೆಯಲ್ಲಿ ಉಳಿಯುವ ಪ್ರಶ್ನೆಯೇ ಇಲ್ಲ.

ಸುರುಳಿಯ ಮೇಲೆ ಒಂದು ಜೊತೆ ಹವಾಯಿ ಚಪ್ಪಲಿ, ಕವರಿನಲ್ಲಿ ಹಾಕಿ. ಮ್ಯಾಟಿನ ಮೇಲೆ ಬರಿಗಾಲು. ಬಟ್ಟೆ ಬದಲಿಸುವ ಕೋಣೆಯಿಂದ ಮ್ಯಾಟಿನ ಅಂಚಿನವರೆಗೆ ಮತ್ತು ಶೌಚಾಲಯಕ್ಕೆ ಹೋಗುವಾಗ ಚಪ್ಪಲಿ ಬೇಕೇ ಬೇಕು. ಬರಿಗಾಲಲ್ಲಿ ಶೌಚಾಲಯಕ್ಕೆ ಹೋಗಿ ಬಂದವರು ಅಲ್ಲಿನ ಕೊಳೆಯನ್ನು ಮ್ಯಾಟಿಗೆ ತರುತ್ತಾರೆ, ಇನ್ನೊಬ್ಬರ ಮುಖ ಅದೇ ಜಾಗಕ್ಕೆ ಒತ್ತುತ್ತದೆ. ರಸ್ತೆಗೆ ಮೆಟ್ಟುವ ಚಪ್ಪಲಿ ಬೇರೆ, ಇದು ಬೇರೆ.

ಚೀಲದ ಸಣ್ಣ ಜೇಬಿಗೆ ನೇಲ್ ಕಟರ್ ಮತ್ತು ಲೋಹದ ತುಣುಕಿಲ್ಲದ ರಬ್ಬರ್ ಬ್ಯಾಂಡ್. ಕೈಕಾಲಿನ ಉಗುರು ಗಿಡ್ಡವಿರಬೇಕು, ಉದ್ದ ಕೂದಲನ್ನು ಗಟ್ಟಿ ಕ್ಲಿಪ್ಪಿಲ್ಲದೆ ಕಟ್ಟಿರಬೇಕು ಎಂಬುದು ಅಂತಾರಾಷ್ಟ್ರೀಯ ನಿಯಮವೇ. ಉಂಗುರ, ಓಲೆ, ಸರವನ್ನು ಮನೆಯಲ್ಲೇ ತೆಗೆದಿಟ್ಟು ಬನ್ನಿ. ಅದೇ ಜೇಬಿನಲ್ಲಿ ಹಿಗ್ಗದ ಬಿಳಿ ಟೇಪ್ ಇರಲಿ. ಹಿಡಿತ ಬಿಡಿಸಿಕೊಳ್ಳುವ ಎಳೆದಾಟದಲ್ಲಿ ಬೆರಳ ಗೆಣ್ಣು ನೋಯುವುದು ಮಾಮೂಲು. ಗೆಣ್ಣಿನ ಕೆಳಗೊಂದು, ಮೇಲೊಂದು ಸುತ್ತು ಹಾಕಿ, ಅಂಗೈ ಕಡೆಯಿಂದ ಅಡ್ಡಡ್ಡ ದಾಟಿಸಿ ಎರಡನ್ನೂ ಸೇರಿಸಿ. ಗೆಣ್ಣಿನ ಮೇಲೆಯೇ ಬಿಗಿದರೆ ಬೆರಳು ಮಡಚುವುದಿಲ್ಲ. ಬೆರಳ ತುದಿ ನೀಲಿಗಟ್ಟಿದರೆ ತಕ್ಷಣ ಬಿಚ್ಚಿ.

ನೀರಿನ ಬಾಟಲಿ, ಒಂದೆರಡು ಬಾಳೆಹಣ್ಣು, ಬದಲಿ ಬಟ್ಟೆ: ಇವಿಷ್ಟು ಎಲ್ಲ ಆಟಕ್ಕೂ ಬೇಕಾದವೇ.

ಉಳಿದದ್ದು ಟವೆಲ್, ಸೋಪು ಮತ್ತು ಒದ್ದೆ ಬಟ್ಟೆ ಹಾಕಲು ದೊಡ್ಡ ಪ್ಲಾಸ್ಟಿಕ್ ಕವರ್. ಟವೆಲನ್ನು ಗೆಳೆಯರಿಗೂ ಕೊಡಬೇಡಿ. ಹುಳುಕಡ್ಡಿ ಚರ್ಮದಿಂದ ಚರ್ಮಕ್ಕೆ, ಟವೆಲಿನಿಂದ, ಬಟ್ಟೆಯಿಂದ ಹರಡುವ ಶಿಲೀಂಧ್ರದ ಸೋಂಕು. ಕುಸ್ತಿ, ಜೂಡೋ ಆಡುವವರನ್ನು ಬಹಳ ಕಾಡುತ್ತದೆ. ಪ್ರಾಕ್ಟೀಸ್ ಮುಗಿದ ಕೂಡಲೇ ಸ್ನಾನ ಮಾಡಿ, ಆಗದಿದ್ದರೆ ಕೈಕಾಲು, ಕುತ್ತಿಗೆಯನ್ನಾದರೂ ಸೋಪು ಹಾಕಿ ತೊಳೆಯಿರಿ. ಅಂಚು ಕೆಂಪಾಗಿ ತುರಿಸುವ ದುಂಡು ಕಲೆ ಕಂಡರೆ ಮ್ಯಾಟ್ ಹತ್ತಬೇಡಿ, ಚರ್ಮದ ವೈದ್ಯರಿಗೆ ತೋರಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೆರಾಯ್ಡ್ ಬೆರೆತ ಮುಲಾಮು ತುರಿಕೆಯನ್ನೇನೋ ನಿಲ್ಲಿಸುತ್ತದೆ, ಸೋಂಕು ಮಾತ್ರ ಒಳಗೊಳಗೇ ಹರಡುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆ ಮೊಂಡಾಗಿರುವುದಕ್ಕೆ ಇಂಥ ಮುಲಾಮುಗಳೂ ಕಾರಣ.

ಮನೆಗೆ ಬಂದ ತಕ್ಷಣ ಚೀಲ ಬರಿದಾಗಬೇಕು. ಒದ್ದೆ ಡ್ರೆಸ್ ರಾತ್ರಿಯಿಡೀ ಕವರಿನಲ್ಲೇ ಉಳಿದರೆ ಆ ವಾಸನೆ ಹೋಗುವುದು ಕಷ್ಟ. ತಣ್ಣೀರಲ್ಲಿ ಒಗೆದು, ತೋಳುಗಳ ಮೂಲಕ ಬಿದಿರಿನ ಗಳ ತೂರಿಸಿ ಹರಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಫ್ಯಾನಿನ ಕೆಳಗೂ ಒಂದು ದಿನದಲ್ಲಿ ಒಣಗುವುದಿಲ್ಲ. ದಿನಾ ಹೋಗುವವರಿಗೆ ಎರಡು ಡ್ರೆಸ್ ಅನಿವಾರ್ಯ. ಬೆಲ್ಟನ್ನು ಒಗೆಯಬಾರದೆಂದು ಹೇಳುವವರಿದ್ದಾರೆ. ಬೆವರು ಅದಕ್ಕೂ ಇಳಿದಿರುತ್ತದೆ, ಒಗೆಯಿರಿ.

ದೊಡ್ಡ ಪಂದ್ಯಗಳಲ್ಲಿ ಒಬ್ಬರು ಬಿಳಿ, ಇನ್ನೊಬ್ಬರು ನೀಲಿ ಉಡುತ್ತಾರೆ. ಒಲಿಂಪಿಕ್ಸ್‌ನಲ್ಲಿ ಇದು ಬಂದದ್ದು 2000ದ ಸಿಡ್ನಿಯಲ್ಲಿ. ನಿಮ್ಮ ಊರಿನ ಪಂದ್ಯಕ್ಕೆ ಎರಡೂ ಬಣ್ಣ ಬೇಕೇ ಎಂದು ಕೋಚ್ ಅವರನ್ನು ಕೇಳಿಯೇ ನೀಲಿಯದ್ದನ್ನು ಕೊಳ್ಳಿ.